ಮಿತಿಯೊಳಗಿನ ಕೋಣೆ

ಎಪ್ಪತ್ತೊಂಬತ್ತು, ಎಂಬತ್ತು, ಎಂಬತ್ತೊಂದು. ಅಲ್ಲಿಗೆ ವಿಮಾನ ಬಂತು. ನರ್ಸಮ್ಮ ಮರದ ಕೊಳವೆಯಿಂದ ಕಿವಿ ತೆಗೆಯಲಿಲ್ಲ. ತೆಗೆದರೆ ಜಾಗ ತಪ್ಪುತ್ತದೆ. ಕೊಳವೆಯ ಒಂದು ತುದಿ ಬಸುರಿಯ ಹೊಟ್ಟೆಯ ಮೇಲೆ, ಇನ್ನೊಂದು ತುದಿ ತನ್ನ ಕಿವಿಗೆ, ಅಂಗೈಯಲ್ಲಿ ಗಡಿಯಾರ. ಹಾಗೆಯೇ ಬಾಗಿ ನಿಂತು ತಲೆಯ ಮೇಲಿನ ಸದ್ದು ಕಳೆಯಲಿ ಎಂದು ಆಕೆ ಕಾದಳು. ಮೇಜಿನ ಮೇಲಿನ ಸ್ಟೀಲ್ ತಟ್ಟೆಯಲ್ಲಿ ಕತ್ತರಿ ಸಣ್ಣಗೆ ನಡುಗಿತು. ಸದ್ದು ಕಳೆದಾಗ ಕೊಳವೆಯೊಳಗಿನ ಟಕಟಕ ಮತ್ತೆ ಸಿಕ್ಕಿತು, ಆದರೆ ಎಣಿಕೆ ಹೋಗಿತ್ತು.

"ಮೊದಲಿಂದ ಎಣಿಸ್ತೀನಿ. ನೀನು ಅಲ್ಲಾಡಬೇಡ, ಮಗಳೇ."

ಮಲಗಿದ್ದವಳು ಅದೇ ಬೀದಿಯ ಟೈಲರಮ್ಮನ ಸೊಸೆ. ಏಳು ತಿಂಗಳು. ಟೈಲರಮ್ಮ ತಪಾಸಣೆಯ ಚೀಟಿ ಹಿಡಿದು ಬಾಗಿಲ ಬಳಿ ನಿಂತಿದ್ದಳು.

"ನರ್ಸಮ್ಮ, ನಾಲ್ಕು ನಿಮಿಷ ಬಿಡುವಿದೆ," ಎಂದು ರಸ್ತೆಯ ಆಚೆಯಿಂದ ಬಡಗಿ ಕೂಗಿದ. "ಆಮೇಲೆ ದೊಡ್ಡದು."

ಯಾವ ವಿಮಾನ ಎಷ್ಟು ಹೊತ್ತಿಗೆ ಎಂಬುದು ಎದುರು ಅಂಗಡಿಯ ಬಡಗಿಗೆ ಬಾಯಿಪಾಠ. ಬೀದಿಯ ಜನ ಅವನಿಗೆ ಟೈಮ್‌ಟೇಬಲ್ ಎಂದೇ ಹೆಸರಿಟ್ಟಿದ್ದರು. "ವಿಮಾನ ಓಡಿಸೋರೇ ಇವನನ್ನ ಕೇಳಿ ಹೊರಡ್ತಾರಂತೆ" ಎಂದು ಟೈಲರಮ್ಮ ಛೇಡಿಸುವುದಿತ್ತು. ಆದರೆ ವಾರಕ್ಕೊಮ್ಮೆ, ತಪಾಸಣೆಯ ದಿನ, ಅವನು ಗರಗಸ ಕೆಳಗಿಟ್ಟು ಸುಮ್ಮನೆ ಕೂರುವುದನ್ನು ಅವಳೂ ಬಲ್ಲಳು. ಆ ದಿನ ಬೀದಿಯಲ್ಲಿ ಯಾರೂ ಸುತ್ತಿಗೆ ಹಿಡಿಯುತ್ತಿರಲಿಲ್ಲ. ಏಳು ತಿಂಗಳು ದಾಟಿದವರಿಗೆ ಬಿಡುವಿನ ಹೊತ್ತು, ಇನ್ನುಳಿದವರಿಗೆ ತೂಕ, ರಕ್ತದೊತ್ತಡ. ಈ ಸರದಿಯನ್ನು ಹೆಂಗಸರೇ ಮಾಡಿಕೊಂಡಿದ್ದರು. ಮಗುವಿನ ಎದೆಬಡಿತ ಕೇಳಿಸುವ ಬ್ಯಾಟರಿಯ ಯಂತ್ರವೊಂದು ಮೂರು ವರ್ಷದ ಹಿಂದೆ ಬಂದಿತ್ತು. ಕೆಟ್ಟಿತು, ರಿಪೇರಿಗೆ ಹೋಯಿತು, ಹಿಂತಿರುಗಲಿಲ್ಲ.

"ನೂರಾ ಮೂವತ್ತೆಂಟು," ಎಂದು ನರ್ಸಮ್ಮ ಬೆನ್ನು ನೆಟ್ಟಗೆ ಮಾಡಿದಳು. "ಚೆನ್ನಾಗಿದೆ."

"ಸರಿಯಾಗಿ ಕೇಳಿಸ್ತಾ?" ಸೊಸೆ ಎದ್ದು ಕೂರದೆ ಕೇಳಿದಳು.

"ಕೇಳಿಸ್ತು."

"ನಿಜವಾಗ್ಲೂ?"

"ಅದೇನು ಹಾಗೆ ಕೇಳೋದು ದೊಡ್ಡವರನ್ನ," ಎಂದು ಟೈಲರಮ್ಮ ಗದರಿದಳು. "ಕೇಳಿಸದೆ ಬರೀತಾರಾ?"

ನರ್ಸಮ್ಮ ರಿಜಿಸ್ಟರಿನ ಕಡೆ ತಿರುಗಿದಳು.

ಕಳೆದ ವರ್ಷ ಇದೇ ಹಾಸಿಗೆ, ಇದೇ ಹುಡುಗಿ, ಒಂಬತ್ತನೆಯ ತಿಂಗಳು. ಹೊಸ ರನ್‌ವೇ ಶುರುವಾದ ವಾರ. ಮೂರು ಸಲ ಎಣಿಕೆ ತಪ್ಪಿತ್ತು. ಹೊರಗೆ ಹನ್ನೊಂದು ಜನ ಕಾಯುತ್ತಿದ್ದರು. ನಾಲ್ಕನೆಯ ಸಲ ಕೊಳವೆಯಲ್ಲಿ ಕೇಳಿದ್ದು ಮಗುವಿನದೋ, ತಾಯಿಯದೋ, ಕಿಟಕಿಯ ಗಾಜು ಅದುರಿದ್ದೋ ತಿಳಿಯದೆ ನರ್ಸಮ್ಮ ನೂರಾ ನಲವತ್ತು ಎಂದು ಬರೆದಿದ್ದಳು. ಅದು ಯಾರನ್ನೂ ಹೆದರಿಸದ ಸಂಖ್ಯೆ. ನಾಲ್ಕನೆಯ ದಿನ ದೊಡ್ಡಾಸ್ಪತ್ರೆಯಲ್ಲಿ ಮಗು ಉಸಿರಿಲ್ಲದೆ ಹುಟ್ಟಿತು. ಯಾರೂ ಆಕೆಯನ್ನು ಒಂದು ಮಾತು ಅನ್ನಲಿಲ್ಲ. "ನರ್ಸಮ್ಮ ನೋಡಿದಾಗ ಚೆನ್ನಾಗೇ ಇತ್ತಂತೆ, ಆಮೇಲೇನಾಯ್ತೋ" ಎಂದಷ್ಟೇ ಬೀದಿ ಮಾತಾಡಿಕೊಂಡಿತು. ಹದಿನೈದು ದಿನ ಕಳೆದ ಮೇಲೆ ಟೈಲರಮ್ಮ ಒಂದು ಪುಟ್ಟ ಹೊದಿಕೆ ತಂದು ಕೊಟ್ಟಳು. ಒಳಗೆ ಹತ್ತಿ ತುಂಬಿ, ಅಂಚಿಗೆ ನೀಲಿ ಪಟ್ಟಿ ಕೊಟ್ಟು, ಮೊಮ್ಮಗುವಿಗೆಂದು ಹೊಲಿದದ್ದು.

"ಮನೇಲಿದ್ರೆ ಅವಳು ಅದನ್ನೇ ನೋಡ್ತಾ ಕೂರ್ತಾಳೆ," ಎಂದಿದ್ದಳು. "ನಿಮ್ಮ ಕಿಟಕಿಗೆ ಹಾಕ್ಕೊಳಿ. ಒಂಚೂರು ಸದ್ದಾದ್ರೂ ತಡೀಲಿ."

ಅದು ಕಿಟಕಿಯ ಮೇಲಿನ ಗಾಜಿಗಷ್ಟೇ ಸಾಲುತ್ತಿತ್ತು. ಅದನ್ನು ನೋಡಿ ಇನ್ಯಾರೋ ಹಳೆಯ ಕಂಬಳಿ ತಂದರು, ಮತ್ಯಾರೋ ಚಾಪೆ. ಬಟ್ಟೆಚೂರು ತುಂಬಿದ ಉದ್ದನೆಯ ದಿಂಬೊಂದನ್ನು ಟೈಲರಮ್ಮ ಬಾಗಿಲಡಿಗೆ ಹೊಲಿದು ಕೊಟ್ಟಳು. ಬಡಗಿ ಕಿಟಕಿಯ ಚೌಕಟ್ಟಿನ ಸಂದುಗಳಿಗೆ ಮರದ ಪಟ್ಟಿ ಬಡಿದ. ಒಬ್ಬೊಬ್ಬರಾಗಿ ಬಂದು, ಇಟ್ಟು ಹೋದರು. ಒಂದೊಂದು ತಂದಾಗಲೂ ನರ್ಸಮ್ಮನಿಗೆ ಆ ನೂರಾ ನಲವತ್ತು ನೆನಪಾಗುತ್ತಿತ್ತು.

ಈ ವರ್ಷ, ಸೊಸೆಯ ಆ ಏಳನೆಯ ತಿಂಗಳ ತಪಾಸಣೆಯ ಮರುವಾರ ಕಾಗದ ಬಂತು. ವಿಮಾನ ನಿಲ್ದಾಣದ ಸುತ್ತಲಿನ ಬಡಾವಣೆಗಳ ಸುಧಾರಣೆಗೆ ಯೋಜನೆಯೊಂದು ಸಿದ್ಧವಾಗುತ್ತಿದೆ. ಬೇಲಿಯ ಉದ್ದಕ್ಕೂ ಮಣ್ಣಿನ ದಿಬ್ಬ, ದಿಬ್ಬದ ಮೇಲೆ ಮರಗಳ ಸಾಲು, ಕಾಲುದಾರಿಗೆ ದೀಪ. ಆಯ್ದ ಕೆಲವು ಕಟ್ಟಡಗಳಿಗೆ ಎರಡು ಪದರದ ಗಾಜಿನ ಕಿಟಕಿ ಮತ್ತು ಸದ್ದು ಹೀರುವ ಒಳಚಾವಣಿ. ಆಯ್ಕೆಗಾಗಿ ಹತ್ತು ದಿನ ಕಟ್ಟಡದೊಳಗೆ ಶಬ್ದ ಅಳೆಯುವ ಯಂತ್ರ ಇಡಲಾಗುವುದು. ಹೀಗೆಂದು ಅದರಲ್ಲಿತ್ತು. ನರ್ಸಮ್ಮ ಅದನ್ನು ಕಾಯುತ್ತಿದ್ದ ಹೆಂಗಸರಿಗೆ ಎರಡು ಸಲ ಓದಿ ಹೇಳಿದಳು. ಎರಡು ಪದರದ ಗಾಜು ಎಂಬಲ್ಲಿ ಟೈಲರಮ್ಮನ ಸೊಸೆ, "ಹೊಟ್ಟೇಲಿರೋದು ಬರೋದ್ರೊಳಗೆ ಆಗುತ್ತಾ?" ಎಂದು ಕೇಳಿದಳು.

"ಪಟ್ಟಿಗೆ ಹೆಸರು ಬಂದ್ರೆ ತಿಂಗಳೊಳಗೆ ಅಂತ ಬರೆದಿದ್ದಾರೆ."

"ಬರಬೇಕಲ್ಲ," ಎಂದಳು ಟೈಲರಮ್ಮ. "ಫ್ಯಾನಿಗೆ ಏನಾಯ್ತು ಮರೆತ್ರಾ?"

ಯಾರೂ ಮರೆತಿರಲಿಲ್ಲ. ಎರಡು ವರ್ಷದ ಹಿಂದೆ ತಪಾಸಣೆಗೆ ಬಂದ ಮೇಲಧಿಕಾರಿ ಗೋಡೆಯ ಕಲೆ ನೋಡಿ, ಸೋರುವ ಮೂಲೆ ನೋಡಿ, ಕೊಟ್ಟದ್ದನ್ನೇ ಕಾಪಾಡಿಕೊಳ್ಳದವರಿಗೆ ಹೊಸದು ಯಾಕೆ ಎಂದು ಬರೆದು ಹೋಗಿದ್ದರು. ಈ ಕೋಣೆಗೆ ಬರಬೇಕಿದ್ದ ಫ್ಯಾನು ಪಕ್ಕದ ಬಡಾವಣೆಯ ಆರೋಗ್ಯ ಕೇಂದ್ರಕ್ಕೆ ಹೋಯಿತು. ಅಲ್ಲಿ ಗೋಡೆಗೆ ಬಣ್ಣ ಹೊಡೆಸಿ, ಬಾಗಿಲಲ್ಲಿ ಎರಡು ಹೂಕುಂಡ ಇಟ್ಟಿದ್ದರಂತೆ.

ಈ ಸಲ ಬೀದಿ ಮೈಮರೆಯಲಿಲ್ಲ. ಕಿಟಕಿಯ ಹೊದಿಕೆಗಳನ್ನೆಲ್ಲ ಬಿಚ್ಚಿ ಒಗೆದರು. ಹರಿದದ್ದಕ್ಕೆ ಟೈಲರಮ್ಮ ತೇಪೆ ಹಾಕಿದಳು. ಬರಿಯ ಹಳೆಯದು ಕಂಡರೆ ಚೆನ್ನಾಗಿರುವುದಿಲ್ಲವೆಂದು ಮೂರು ಮನೆಯವರು ಒಳ್ಳೆಯ ಕಂಬಳಿ ಕೊಟ್ಟರು. ಟೈಲರಮ್ಮ ಅವನ್ನು ಎರಡೆರಡು ಪದರ ಕೂಡಿಸಿ, ಮಡಿಕೆ ಸರಿಯಾಗಿ ಬೀಳುವ ಹಾಗೆ ಪರದೆ ಮಾಡಿದಳು. ಬಡಗಿ ಕಿಟಕಿಗೆ ಒಳಗಿನಿಂದ ಇನ್ನೊಂದು ಜೊತೆ ಬಾಗಿಲು ಕೂಡಿಸಿದ, ಚಿಲಕ ಹಾಕಿದ, ವಾರ್ನಿಶ್ ಹೊಡೆದ. ಕೋಣೆ ಹೊಸ ಟ್ರಂಕಿನ ಹಾಗೆ ಕಾಣತೊಡಗಿತು.

ಏಣಿ ಹಿಡಿದು ನಿಂತಿದ್ದಾಗ ನರ್ಸಮ್ಮನಿಗೆ ಒಂದು ಅನುಮಾನ ಬಂತು. "ಇಷ್ಟೆಲ್ಲ ಮುಚ್ಚಿದ್ರೆ ಯಂತ್ರಕ್ಕೆ ಕಮ್ಮಿ ಕೇಳಿಸಲ್ವಾ?"

"ಯಾರಿಗೆ, ಯಂತ್ರಕ್ಕಾ?" ಬಡಗಿ ಏಣಿಯ ಮೇಲಿಂದ ನಕ್ಕ. "ನಮ್ಮಜ್ಜಿಗೆ ಎರಡೂ ಕಿವಿ ಕಿವುಡು ನರ್ಸಮ್ಮ, ಅವಳಿಗೂ ವಿಮಾನ ಕೇಳಿಸ್ತಿತ್ತು."

ಎಲ್ಲರೂ ನಕ್ಕರು. ನರ್ಸಮ್ಮನೂ ನಕ್ಕಳು. ಹಗಲೆಲ್ಲ ಎದೆಯೊಳಗೆ ಗುಡುಗುವ ಆ ಸದ್ದು ನಾಲ್ಕು ಕಂಬಳಿಗೆ ಬಗ್ಗುತ್ತದೆಂದು ಅಲ್ಲಿ ಯಾರಿಗೂ ಅನಿಸಲಿಲ್ಲ.

ಯಂತ್ರದವನು ಬಂದದ್ದು ಸೋಮವಾರ ಬೆಳಿಗ್ಗೆ. ಐವತ್ತರ ಆಚೆಯ ಮನುಷ್ಯ, ದಪ್ಪ ಕನ್ನಡಕ, ಒಂದೇ ಭುಜಕ್ಕೆ ಚೀಲ ಹೊತ್ತು ಹೊತ್ತು ಆ ಕಡೆಗೇ ವಾಲಿದ್ದ. ಮೂರು ಕಾಲಿನ ಸ್ಟ್ಯಾಂಡನ್ನು ಮೊದಲು ಕಿಟಕಿಯ ಹತ್ತಿರ ಬಿಡಿಸಿದ. ಹಾಸಿಗೆಗೂ ಕಿಟಕಿಗೂ ನಡುವೆ ಹೆಚ್ಚು ಜಾಗವಿಲ್ಲ. ಒಬ್ಬ ತುಂಬು ಬಸುರಿ ಹಾಸಿಗೆಯಿಂದ ಇಳಿಯುವಾಗ ಕಾಲು ಸ್ಟ್ಯಾಂಡಿಗೆ ತಾಕಿತು. ಅವನು ಓಡಿಬಂದು ಅವಳ ಮೊಣಕೈ ಹಿಡಿದುಕೊಂಡ.

"ಬೇಡಮ್ಮ, ಇದನ್ನ ಇಲ್ಲಿ ಇಡೋದು ಬೇಡ. ಯಾರಾದ್ರೂ ಎಡವಿದ್ರೆ ನನಗೆ ರಾತ್ರಿ ನಿದ್ದೆ ಬರಲ್ಲ," ಎಂದು ಅದನ್ನೆತ್ತಿ ಒಳಗೋಡೆಯ ಮೂಲೆಗೆ, ಔಷಧಿಯ ಬೀರುವಿನ ಪಕ್ಕಕ್ಕೆ ಒಯ್ದ. ವೈರು ಯಾರ ಕಾಲಿಗೂ ಸಿಗದಂತೆ ಗೋಡೆಗುಂಟ ಅಂಟುಪಟ್ಟಿ ಹಾಕಿದ. ನರ್ಸಮ್ಮ ಅವನಿಗೆ ಟೀ ಮಾಡಿ ಕೊಟ್ಟಳು. ಎಲ್ಲಿಗೆ ಹೋದರೂ ಬಾಗಿಲಲ್ಲೇ ನಿಲ್ಲಿಸಿ ಮಾತಾಡುತ್ತಾರೆ ಎಂದು ಹೇಳಿ, ಅವನು ಲೋಟ ತಾನೇ ತೊಳೆದಿಟ್ಟ.

ಆಮೇಲೆ ಒಂದು ನಮೂನೆ ತೆಗೆದು ತುಂಬಲು ಕೂತ. ಚಾವಣಿ ಯಾವುದರದು, ಗೋಡೆ ಎಷ್ಟು ದಪ್ಪ, ಕಿಟಕಿ ಎಷ್ಟು. ಪೆನ್ನಿನಿಂದ ಪರದೆಗಳ ಕಡೆ ತೋರಿಸಿ ಕೇಳಿದ. "ಇವೆಲ್ಲ ಯಾವಾಗ್ಲೂ ಹೀಗೇ ಇರುತ್ತಾ? ಇಲ್ಲಾ ಈಗ ಹಾಕಿದ್ದಾ?"

ಈಗ ಹಾಕಿದ್ದು ಎಂದರೆ ತೋರಿಕೆಗೆ ಮಾಡಿದ್ದು ಎಂದಾಗುತ್ತದೆ. ಬಾಗಿಲಲ್ಲಿ ಟೈಲರಮ್ಮ, ಆಕೆಯ ಹಿಂದೆ ಇನ್ನೂ ನಾಲ್ವರು ನಿಂತಿದ್ದರು.

"ಯಾವಾಗ್ಲೂ ಇರುತ್ತೆ," ಎಂದಳು ನರ್ಸಮ್ಮ.

"ಈ ಒಳಗಿನ ಬಾಗಿಲೂ?"

"ಅದೂ."

ಅವನು ಬರೆದುಕೊಂಡ. ಆಕೆ ಕೆಳಗೆ ಸಹಿ ಹಾಕಿದಳು.

ಆ ಹತ್ತು ದಿನ ಬೀದಿಯವರು ನಡೆದುಕೊಂಡ ರೀತಿ ನೋಡಬೇಕಿತ್ತು. ತಪಾಸಣೆಗೆ ಬಂದ ಹೆಂಗಸರು ಯಂತ್ರಕ್ಕೆ ಅಡ್ಡಿಯಾಗಬಾರದೆಂದು ಪಿಸುಮಾತಿನಲ್ಲಿ ಮಾತಾಡಿದರು. ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮಿ ಬಂದರು. ಬಡಗಿ ಹತ್ತೂ ದಿನ ಗರಗಸ ಮುಟ್ಟಲಿಲ್ಲ. "ಅದು ಕೇಳಿಸ್ಕೋತಾ ಇದೆ, ಅದರ ಕೆಲಸ ಅದು ಮಾಡ್ಲಿ," ಎನ್ನುತ್ತಿದ್ದ. ಹನ್ನೊಂದನೆಯ ದಿನ ಯಂತ್ರದವನು ಬಂದು ಎಲ್ಲವನ್ನೂ ಬಿಚ್ಚಿ ಚೀಲಕ್ಕೆ ತುಂಬಿಕೊಂಡು, ಅಂಟುಪಟ್ಟಿ ಕಿತ್ತ ಕಡೆ ಗೋಡೆಯನ್ನು ಒರೆಸಿ ಹೋದ.

ಮೂರು ವಾರ ಬಿಟ್ಟು ಸಭೆ ಕರೆದರು. ಶಾಲೆಯ ಹಾಲಿನಲ್ಲಿ ಬಿಳಿಯ ಪರದೆ ಕಟ್ಟಿ ನಕ್ಷೆ ತೋರಿಸಿದರು. ಮಣ್ಣಿನ ದಿಬ್ಬ ಹಸಿರಾಗಿತ್ತು, ಮರಗಳೆಲ್ಲ ಒಂದೇ ಎತ್ತರಕ್ಕಿದ್ದವು, ಕಾಲುದಾರಿಯಲ್ಲಿ ಚಿತ್ರದ ಹೆಂಗಸೊಬ್ಬಳು ಮಗುವನ್ನು ಕೈಗಾಡಿಯಲ್ಲಿ ಕೂರಿಸಿ ತಳ್ಳುತ್ತಿದ್ದಳು. ಯೋಜನಾಧಿಕಾರಿ ಮೃದುವಾಗಿ ಮಾತಾಡುವ ಮನುಷ್ಯ. ವಿಮಾನ ಹೋಗುವಾಗಲೆಲ್ಲ ಮಾತು ನಿಲ್ಲಿಸಿ ನಗುತ್ತಾ ಕೈಕಟ್ಟಿ ನಿಂತು, ಹೋದ ಮೇಲೆ "ಕ್ಷಮಿಸಿ" ಎನ್ನುತ್ತಿದ್ದರು.

ಒಳಗಿನ ಸದ್ದಿನ ಸರಾಸರಿ ಐವತ್ತು ಡೆಸಿಬಲ್ ದಾಟಿದ ಕಟ್ಟಡಗಳನ್ನು ಆರಿಸಲಾಗಿದೆ ಎಂದು ಹೇಳಿ ಪಟ್ಟಿ ತೋರಿಸಿದರು. ಮೊದಲನೆಯ ಹೆಸರು ಯೋಜನೆಯವರದೇ ತಾತ್ಕಾಲಿಕ ಕಚೇರಿ. ಬೇಲಿಯ ಪಕ್ಕ ತಗಡಿನಿಂದ ಕಟ್ಟಿದ್ದು, ಎಪ್ಪತ್ತೊಂದು.

"ತಗಡು ಬಡಿದುಕೊಂಡಿದ್ರೆ ನಾವೂ ಗೆಲ್ತಿದ್ವಿ," ಎಂದ ಬಡಗಿ, ಮೆಲ್ಲಗೆ. ಎಲ್ಲರ ಕಣ್ಣು ಪಟ್ಟಿಯ ಮೇಲೆ ಇಳಿಯುತ್ತಿತ್ತು. ಹದಿನಾಲ್ಕು ಹೆಸರು. ಹದಿನಾಲ್ಕರಲ್ಲೂ ತಪಾಸಣೆಯ ಕೋಣೆ ಇರಲಿಲ್ಲ.

ನರ್ಸಮ್ಮ ಎದ್ದು ನಿಂತಳು. "ಸರ್, ನಮ್ಮ ಆರೋಗ್ಯ ಕೇಂದ್ರದ್ದು?"

ಅಧಿಕಾರಿ ಕಾಗದ ತಿರುವಿದರು. ಸಿಕ್ಕಾಗ ಮುಖ ಅರಳಿತು. "ನಲವತ್ತೊಂಬತ್ತು ಪಾಯಿಂಟ್ ಎರಡು. ಮಿತಿಯೊಳಗೇ ಇದೆ ಮೇಡಂ. ಇಷ್ಟು ಹತ್ತಿರದಲ್ಲಿದ್ದೂ ಇಷ್ಟು ಕಡಿಮೆ ಬಂದಿರೋದು ನಿಮ್ಮದೊಂದೇ." ಅವರು ಸಭೆಯ ಕಡೆ ತಿರುಗಿದರು. "ಇದನ್ನ ಎಲ್ಲರೂ ಗಮನಿಸಬೇಕು. ಸರ್ಕಾರಕ್ಕೆ ಕಾಯದೆ ಜನ ತಾವೇ ಸೇರಿ ಪರದೆ ಹಾಕಿದ್ದಾರೆ, ಒಳಬಾಗಿಲು ಮಾಡಿದ್ದಾರೆ. ವರದಿಯಲ್ಲಿ ಮಾದರಿ ಅಂತ ಬರೀತಾ ಇದ್ದೀನಿ. ದಯವಿಟ್ಟು ಒಂದು ಚಪ್ಪಾಳೆ."

ಬೇರೆ ಬೀದಿಗಳವರು ಚಪ್ಪಾಳೆ ತಟ್ಟಿದರು. ಅವರ ಮುಖದಲ್ಲಿ ಕಪಟವಿರಲಿಲ್ಲ.

"ಸರ್, ಆ ಪರದೆಗಳು ಆಗ ತಾನೇ ಹಾಕಿದ್ದು," ಎಂದಳು ನರ್ಸಮ್ಮ. "ತೆಗೆದು ಇನ್ನೊಂದು ಸಲ ಅಳೀರಿ."

ಅಧಿಕಾರಿ ಮತ್ತೆ ಕಾಗದ ನೋಡಿದರು. "ಯಾವಾಗಲೂ ಇರುತ್ತವೆ ಅಂತ ಇದೆಯಲ್ಲ, ಮೇಡಂ. ಈ ಸಹಿ ನಿಮ್ಮದೇ ಅಲ್ವಾ?"

"ನನ್ನದೇ."

"ಹಾಗಾದ್ರೆ ನಾನೇನು ಮಾಡ್ಲಿ, ಹೇಳಿ." ಅವರ ದನಿಯಲ್ಲಿ ಬೇಸರವೂ ಇರಲಿಲ್ಲ. "ಯಂತ್ರಗಳು ಬೇರೆ ಊರಿಗೆ ಹೋಗಿವೆ. ಮುಂದಿನ ಹಂತ ನಾಲ್ಕು ವರ್ಷಕ್ಕೆ. ಆಗ ಖಂಡಿತ ನೋಡೋಣ."

ನರ್ಸಮ್ಮ ಇನ್ನೂ ನಿಂತೇ ಇದ್ದಳು. "ಅಲ್ಲಿ ಮಗುವಿನ ಎದೆಬಡಿತ ಕೇಳಬೇಕು ಸರ್. ಸರಾಸರಿಯಲ್ಲಿ ಅದು ಕೇಳಿಸಲ್ಲ."

ಅಷ್ಟರಲ್ಲಿ ವಿಮಾನ ಬಂತು. ಅಧಿಕಾರಿ ಕೈಕಟ್ಟಿ ನಿಂತು, ಅದು ಹೋದ ಮೇಲೆ ಕ್ಷಮಿಸಿ ಎಂದು ಮುಂದಿನ ಪುಟಕ್ಕೆ ಹೋದರು.

ಹೊರಗೆ ಯಂತ್ರದವನು ಗೇಟಿನ ಬಳಿ ಕಾದಿದ್ದ. ಕನ್ನಡಕ ತೆಗೆದು ಒರೆಸುತ್ತಾ, ಆಕೆಯ ಮುಖ ನೋಡದೆ ಹೇಳಿದ. "ಕಿಟಕಿ ಹತ್ರಾನೇ ಇಟ್ಟಿದ್ರೆ ಎರಡು ಪಾಯಿಂಟಾದ್ರೂ ಜಾಸ್ತಿ ಬರ್ತಿತ್ತಮ್ಮ. ನಾನೇ ಒಳಗೆ ತಳ್ಳಿದೆ. ಇಷ್ಟು ಅಂಚಿನಲ್ಲಿ ನಿಲ್ಲುತ್ತೆ ಅಂತ ಅಂದ್ಕೊಳ್ಳಲಿಲ್ಲ."

"ಯಾರೂ ಎಡವಲಿಲ್ಲವಲ್ಲ, ಅಷ್ಟು ಸಾಕು," ಎಂದಳು ನರ್ಸಮ್ಮ. ಅವನು ಮನೆಗೆ ಹೋಗಿ ಇದನ್ನೇ ನೆನೆದು ಕೂರುವ ಜಾತಿಯವನೆಂದು ಆಕೆಗೆ ಗೊತ್ತಿತ್ತು. "ಯಾವಾಗ್ಲೂ ಅಂತ ಹೇಳಿದವಳು ನಾನು. ನೀವಲ್ಲ."

ಮುಂದಿನ ತಪಾಸಣೆಯ ಹೊತ್ತಿಗೆ ವಿಮಾನಗಳ ವೇಳಾಪಟ್ಟಿ ಬದಲಾಗಿತ್ತು. ಎದುರು ಅಂಗಡಿಯಿಂದ ಬಡಗಿ ಏನೂ ಕೂಗಲಿಲ್ಲ. ನರ್ಸಮ್ಮ ಬಾಗಿಲಿಗೆ ಬಂದು ನೋಡಿದಾಗ ಎರಡೂ ಕೈ ಆಡಿಸಿದ. ಬಿಡುವಿಲ್ಲ. ಮೂರು ನಿಮಿಷಕ್ಕೊಂದು, ಒಮ್ಮೊಮ್ಮೆ ಎರಡು ನಿಮಿಷಕ್ಕೇ.

ಟೈಲರಮ್ಮನ ಸೊಸೆಗೆ ಎಂಟು ತುಂಬಿ ಒಂಬತ್ತಕ್ಕೆ ಬಿದ್ದಿತ್ತು. ಮಲಗುವಾಗ ನರ್ಸಮ್ಮನ ತೋಳು ಹಿಡಿದುಕೊಂಡು ಮಲಗಿದಳು. ಕೋಣೆಯಲ್ಲಿ ವಾರ್ನಿಶ್ ವಾಸನೆ ಇನ್ನೂ ಹೋಗಿರಲಿಲ್ಲ. ನರ್ಸಮ್ಮ ಕೈಯಿಂದ ಮಗುವಿನ ಬೆನ್ನು ಹುಡುಕಿ, ಕೊಳವೆ ಇಟ್ಟು ಬಾಗಿದಳು. ಇಪ್ಪತ್ತಾರು, ಇಪ್ಪತ್ತೇಳು. ಹೋಯಿತು. ಹದಿನಾಲ್ಕು. ಹೋಯಿತು. ಮೂರನೆಯ ಸಲ ಏನೋ ಸಿಕ್ಕಿತು. ನಿಧಾನವಾಗಿತ್ತೋ, ತನಗೆ ಹಾಗನಿಸಿತೋ. ಎಣಿಸುವಷ್ಟರಲ್ಲಿ ಗಾಜು ಅದುರತೊಡಗಿತು. ಆಕೆ ಕಾದಳು. ಐದನೆಯ ಸಲ ಬೆನ್ನು ನೋಯತೊಡಗಿತು. ಹೊರಗೆ ಯಾರೋ ಎಷ್ಟು ಹೊತ್ತು ಎಂದು ಗೊಣಗಿದರು.

ಆಕೆ ಮೇಜಿಗೆ ಹೋಗಿ ಕೂತಳು. ರಿಜಿಸ್ಟರಿನ ಆ ಸಾಲಿನಲ್ಲಿ ಹೆಸರಿತ್ತು, ತೂಕವಿತ್ತು, ಎದೆಬಡಿತದ ಮನೆ ಖಾಲಿ ಇತ್ತು. ಪೆನ್ನು ಆ ಮನೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ "ಕೇಳಿಸಲಿಲ್ಲ" ಎಂದು ಬರೆಯಿತು. ಚಿಕ್ಕ ಮನೆ, ಅಕ್ಷರ ಪಕ್ಕದ ಗೆರೆ ದಾಟಿತು.

"ಎಷ್ಟು?" ಎಂದಳು ಟೈಲರಮ್ಮ.

"ಚೀಟಿ ಕೊಡ್ತೀನಿ. ಈಗಲೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ."

"ಈಗಲೇ? ಎರಡು ಬಸ್ ಬದಲಾಯಿಸ್ಬೇಕು ನರ್ಸಮ್ಮ. ಈ ಬಿಸಿಲಲ್ಲಿ, ಈ ಹೊಟ್ಟೆ ಹೊತ್ಕೊಂಡು. ಇನ್ನೊಂದು ಸಲ ನೋಡಿ. ಹೋದ ವರ್ಷವೂ ಹೀಗೇ ವಿಮಾನ ಇತ್ತು, ಆಗ ನಿಮಗೆ ಕೇಳಿಸ್ತಲ್ಲ?"

ನರ್ಸಮ್ಮ ಪೆನ್ನಿನ ಮುಚ್ಚಳ ಹಾಕಿದಳು. "ಕೇಳಿಸಿರಲಿಲ್ಲ," ಎಂದಳು. ಆ ಹೊತ್ತಿಗೇ ಸದ್ದು ಚಾವಣಿಯ ಮೇಲೆ ಬಂದು ಕೂತಿತು.

"ಏನಂದ್ರಿ?"

ಆಕೆ ಸದ್ದು ಕಳೆಯಲೆಂದು ಕಾಯಲಿಲ್ಲ. ಕಾದರೆ ಮತ್ತೆ ಹೇಳಲಾರೆ ಎಂದು ಗೊತ್ತಿತ್ತು. ದನಿ ಎತ್ತಿ ಹೇಳಿದಳು. "ಹೋದ ವರ್ಷ ನನಗೆ ಕೇಳಿಸಿರಲಿಲ್ಲ. ನೂರಾ ನಲವತ್ತು ಅಂತ ಸುಮ್ಮನೆ ಬರೆದೆ."

ಕೊನೆಯ ಮಾತಿನ ಹೊತ್ತಿಗೆ ಸದ್ದು ಕಳೆದಿತ್ತು. ಹೊರಗೆ ಬೆಂಚಿನ ಮೇಲಿದ್ದವರು ಬಾಗಿಲ ಕಡೆ ತಿರುಗಿದರು.

ಟೈಲರಮ್ಮ ಬೈಯಲಿಲ್ಲ. ಹಾಸಿಗೆಯ ಅಂಚಿನಲ್ಲಿ ಎದ್ದು ಕೂತು ಚಪ್ಪಲಿಗಾಗಿ ಕಾಲಾಡಿಸುತ್ತಿದ್ದ ಸೊಸೆಯ ಕಡೆ ನೋಡಿದಳು. "ವರ್ಷ ಪೂರ್ತಿ ನಾನು ಇವಳನ್ನ ಅಂದೆ," ಎಂದಳು, ಯಾರಿಗೋ ಲೆಕ್ಕ ಒಪ್ಪಿಸುವವಳ ಹಾಗೆ. "ನೀನು ಬಕೆಟ್ ಎತ್ತಿದೆ, ಮೆಟ್ಟಿಲು ಹತ್ತಿದೆ, ಹೇಳಿದ ಮಾತು ಕೇಳಲಿಲ್ಲ ಅಂತ. ದಿನಾ ಅಂದೆ."

ಸೊಸೆ ತಲೆ ಎತ್ತಲಿಲ್ಲ. "ಚೀಟಿ ಕೊಡಿ, ನರ್ಸಮ್ಮ," ಎಂದಳು.

ಆಕೆ ಚೀಟಿ ಬರೆದು ಕೊಟ್ಟಳು. ಆಮೇಲೆ ಬಂದ ಮೂವರಿಗೂ ಅದನ್ನೇ ಬರೆದಳು. ಅವರಲ್ಲೊಬ್ಬಳು, "ಹಾಗಾದ್ರೆ ನೀವು ಇಲ್ಲಿ ಯಾಕೆ ಕೂತಿರೋದು?" ಎಂದು ಕೇಳಿಯೇ ಹೋದಳು. ಇನ್ನೊಬ್ಬಳು ಹೊರಡುವ ಮುನ್ನ ಮೇಜಿನ ಮೇಲೆ ಬೋರಲಾಗಿದ್ದ ಲೋಟ ಎತ್ತಿ ನೀರು ತುಂಬಿ ನರ್ಸಮ್ಮನ ಮುಂದಿಟ್ಟಳು. ಟೈಲರಮ್ಮ ಹಿಂತಿರುಗಿ ನೋಡದೆ ಆಗಲೇ ಹೋಗಿದ್ದಳು.

ನರ್ಸಮ್ಮ ಬಾಗಿಲಿಗೆ ಬಂದಳು. ರಸ್ತೆಯ ಕೊನೆಯಲ್ಲಿ ಬಸ್ ನಿಲ್ದಾಣ. ಅದಕ್ಕೆ ಚಾವಣಿ ಹಾಕಿಸುವ ವಿಷಯ ಯೋಜನೆಯ ಎರಡನೆಯ ಪುಟದಲ್ಲಿತ್ತು. ಮೂವರು ಕೂರುವ ಸಿಮೆಂಟಿನ ಬೆಂಚಿನ ಮೇಲೆ ನಾಲ್ವರು ಬಸುರಿಯರು ಒತ್ತೊತ್ತಾಗಿ ಕೂತಿದ್ದರು. ಪ್ರತಿಯೊಬ್ಬರ ಕೈಯಲ್ಲೂ ಒಂದು ಚೀಟಿ. ಟೈಲರಮ್ಮನ ಸೊಸೆ ಇನ್ನಷ್ಟು ಸರಿದು, ಅತ್ತೆಗೆಂದು ಅಂಗೈಯಗಲ ಜಾಗ ಮಾಡಿದಳು. ಟೈಲರಮ್ಮ ಕೂರಲಿಲ್ಲ. ಬಸ್ ಬರುವ ಕಡೆಯೇ ನೋಡುತ್ತಾ ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ತನ್ನ ನೆರಳು ಸೊಸೆಯ ಮುಖದ ಮೇಲೆ ಬೀಳುವ ಹಾಗೆ ನಿಂತುಕೊಂಡಳು.